ಕಾಫಿ ತೋಟದ ಇಳಿಜಾರು: ಮಣ್ಣಿನ ಕಾಳಜಿ, ಕಾಲಿನ ಕಾಳಜಿ

ಮಲೆನಾಡಿನ ಕಾಫಿಯ ಚರಿತ್ರೆಯನ್ನು ಬೀಜದಿಂದ ಆರಂಭಿಸುವುದು ವಾಡಿಕೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸೂಫಿ ಸಂತ ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟನೆಂಬ ಐತಿಹ್ಯ ಎಲ್ಲರಿಗೂ ಪರಿಚಿತ. ಆದರೆ ತೋಟದ ದುಡಿಮೆಯ ರೀತಿಯನ್ನು ನಿರ್ಧರಿಸಿದ್ದು ಬೀಜಕ್ಕಿಂತ ಹೆಚ್ಚಾಗಿ ನೆಲದ ಇಳಿಜಾರು. ತಂಪು ಹವೆ ಬೇಡುವ ಅರೇಬಿಕಾ ಗಿಡವನ್ನು ಚಿಕ್ಕಮಗಳೂರು, ಹಾಸನ, ಕೊಡಗಿನ ಬೆಟ್ಟಗಳ ಮೈಮೇಲೆಯೇ ಬೆಳೆಯಬೇಕಾಯಿತು. ಹೀಗಾಗಿ ನೆಡುವುದು, ಕಳೆ ತೆಗೆಯುವುದು, ಮರ ಹತ್ತಿ ಕೊಂಬೆ ಕಡಿಯುವುದು, ಹಣ್ಣು ಬಿಡಿಸಿ ಹೊರುವುದು ಎಲ್ಲವೂ ಓರೆ ನೆಲದ ಮೇಲೆ, ವರ್ಷದ ಬಹುಕಾಲ ಒದ್ದೆಯಾದ ಮಣ್ಣಿನ ಮೇಲೆ ನಡೆಯುವ ಕೆಲಸಗಳಾದವು.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಯೂರೋಪಿಯನ್ ಪ್ಲಾಂಟರುಗಳು ದೊಡ್ಡ ಪ್ರಮಾಣದಲ್ಲಿ ತೋಟ ತೆರೆದಾಗ (ಮಡಿಕೇರಿಯ ಬಳಿ ಅಂಥ ಮೊದಲ ತೋಟ 1854ರಲ್ಲಿ ಆರಂಭವಾಯಿತು) ಅವರಲ್ಲಿ ಹಲವರ ಕಣ್ಣ ಮುಂದಿದ್ದ ಮಾದರಿ ಸಿಂಹಳದ್ದು. ಕಾಡನ್ನು ಪೂರ್ತಿ ಕಡಿದು ಸುಟ್ಟು, ಹಗ್ಗ ಹಿಡಿದು ನೇರ ಸಾಲುಗಳಲ್ಲಿ ಗಿಡ ನೆಟ್ಟು, ಗುದ್ದಲಿಯಿಂದ ಕೆರೆದು ಒಂದು ಹುಲ್ಲುಕಡ್ಡಿಯೂ ಉಳಿಯದಂತೆ ನೆಲವನ್ನು ಬೋಳಾಗಿಡುವುದೇ ಆ ಪದ್ಧತಿಯ ಲಕ್ಷಣವಾಗಿತ್ತು. ವರ್ಷಕ್ಕೆ ನೂರು ಅಂಗುಲಕ್ಕೂ ಮೀರಿ ಮಳೆ ಸುರಿಯುವ ಬೆಟ್ಟದಲ್ಲಿ ಹೀಗೆ ಬೋಳಾದ ಮಣ್ಣು ಹಳ್ಳ ಸೇರಿತು. ಇತ್ತ ನೆರಳಿಲ್ಲದ ಗಿಡಗಳಿಗೆ ಕಾಂಡಕೊರಕ ಹುಳು ಬಿದ್ದು, 1860ರ ದಶಕದಲ್ಲಿ ಕೊಡಗಿನ ಹಲವು ತೋಟಗಳು ಹಾಳುಬಿದ್ದವು. 1850ರ ದಶಕದಲ್ಲಿ ಮಂಜರಾಬಾದ್ ಸೀಮೆಗೆ ಬಂದು ನೆಲೆಸಿದ ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರು 1894ರ ತನ್ನ ಪುಸ್ತಕದಲ್ಲಿ ನೆರಳಿನ ಮರಗಳಿಗೆ ಅಷ್ಟೊಂದು ಒತ್ತು ಕೊಟ್ಟದ್ದರ ಹಿಂದೆ ಈ ನಷ್ಟದ ಅನುಭವವಿದೆ. ಮರ ಉಳಿದಲ್ಲಿ ಬೇರು ಮಣ್ಣನ್ನು ಹಿಡಿದಿಡುತ್ತದೆ, ಬಿದ್ದ ಎಲೆ ಮಳೆಹನಿಯ ಏಟನ್ನು ತಡೆಯುತ್ತದೆ ಎಂಬ ತಿಳಿವಳಿಕೆ ಮಲೆನಾಡಿನ ಬೇಸಾಯಗಾರರಿಗೆ ಹೊಸದೇನಲ್ಲ. ಪ್ಲಾಂಟರುಗಳು ಅದನ್ನು ದುಬಾರಿ ಬೆಲೆ ತೆತ್ತು ಕಲಿತರು.

ಅಲ್ಲಿಂದ ಮುಂದೆ ಇಳಿಜಾರಿನ ಕುರಿತು ಬೆಳೆದ ಜ್ಞಾನವೆಲ್ಲ ಬಹುಮಟ್ಟಿಗೆ ಮಣ್ಣಿನ ರಕ್ಷಣೆಯದು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರ ಸ್ಥಾಪಿಸಿದ ಕಾಫಿ ಪ್ರಯೋಗ ಕೇಂದ್ರವೂ 1942ರ ಕಾಯ್ದೆಯಡಿ ರೂಪುಗೊಂಡ ಕಾಫಿ ಮಂಡಳಿಯೂ ಈ ಜ್ಞಾನವನ್ನು ತೋಟಗಳಿಗೆ ತಲುಪಿಸಿದವು. ಕಡಿದಾದ ಕಡೆ ಗಿಡಗಳನ್ನು ಮೇಲಿನಿಂದ ಕೆಳಕ್ಕೆ ನೇರ ಸಾಲಿನಲ್ಲಿ ನೆಡದೆ ಸಮಪಾತಳಿಯಲ್ಲಿ, ಅಂದರೆ ಒಂದೇ ಎತ್ತರದ ಬಿಂದುಗಳನ್ನು ಕೂಡಿಸಿ ಇಳಿಜಾರಿಗೆ ಅಡ್ಡಲಾಗಿ ಹಾಯುವ ಗೆರೆಯ ಮೇಲೆ, ನೆಡುವುದು ಅದರಲ್ಲೊಂದು. ಇನ್ನೊಂದು ತೊಟ್ಟಿಲು ಗುಂಡಿ. ಗಿಡದ ಸಾಲುಗಳ ನಡುವೆ ಅಡ್ಡಲಾಗಿ, ಒಂದರ ಕೆಳಗೆ ಇನ್ನೊಂದು ನೇರವಾಗಿ ಬಾರದಂತೆ, ಸುಮಾರು ಒಂದಡಿ ಅಗಲ, ಒಂದರಿಂದ ಒಂದೂವರೆ ಅಡಿ ಆಳಕ್ಕೆ ತೋಡುವ ಈ ಉದ್ದನೆಯ ಗುಂಡಿಗಳು ಹರಿದುಬರುವ ನೀರನ್ನೂ ಅದರೊಂದಿಗಿನ ಮಣ್ಣು ಮತ್ತು ತರಗೆಲೆಯನ್ನೂ ತಡೆದು ನಿಲ್ಲಿಸುತ್ತವೆ.

ಮಣ್ಣಿಗೆ ಒಳಿತಾದುದೆಲ್ಲ ಅದರ ಮೇಲೆ ನಡೆಯುವವರಿಗೂ ಒಳಿತಾಗಲಿಲ್ಲ. ತರಗೆಲೆ ಮುಚ್ಚಿದ ತೊಟ್ಟಿಲು ಗುಂಡಿ ಕಣ್ಣಿಗೆ ಕಾಣುವುದಿಲ್ಲ. ತಲೆಯ ಮೇಲೆ ಹಣ್ಣಿನ ಚೀಲ ಹೊತ್ತು ಇಳಿಯುವ ಆಳಿನ ಕಾಲು ಅದರೊಳಗೆ ಹೋದರೆ ಕಣಕಾಲು ಉಳುಕುವುದು ಸಣ್ಣ ಪೆಟ್ಟು, ಮುರಿಯುವುದು ದೊಡ್ಡದು. ಗುದ್ದಲಿಯ ಅಗೆತದಲ್ಲಿ ಈ ವಿರೋಧದ ಇನ್ನೊಂದು ಮಗ್ಗುಲು ಕಾಣುತ್ತದೆ. ಬೆಟ್ಟದ ಕಡೆಗೆ ಮುಖ ಮಾಡಿ, ಕೆಳಗಿನಿಂದ ಮೇಲಕ್ಕೆ ಅಗೆಯುತ್ತ ಹೋಗುವವನು ಹೆಚ್ಚು ಬಾಗಬೇಕಿಲ್ಲ, ಜಾರಿದರೂ ಕೈ ನೆಲಕ್ಕೆ ಊರುತ್ತದೆ. ಆದರೆ ಪ್ರತಿ ಏಟಿಗೂ ಒಂದು ಹಿಡಿ ಮಣ್ಣು ಅವನ ಕಾಲಿನತ್ತ, ಎಂದರೆ ಇಳಿಜಾರಿನ ಕೆಳಕ್ಕೆ, ಸರಿಯುತ್ತದೆ. ಬೆನ್ನಿಗೆ ಹಿತವಾದ ಭಂಗಿಯೇ ಬೆಟ್ಟಕ್ಕೆ ಅಹಿತ. ಕಡಿದಾದ ಜಾಗದಲ್ಲಿ ಅಗೆಯುವುದನ್ನು ಬಿಟ್ಟು ಕಳೆಯನ್ನು ಕತ್ತಿಯಿಂದ ಸವರಿ ಬೇರನ್ನು ನೆಲದಲ್ಲೇ ಉಳಿಸುವ ಪದ್ಧತಿ ಬಂದಾಗ ಮಾತ್ರ ಈ ಎರಡು ಹಿತಗಳೂ ಒಂದಾದವು.

ಈ ಕೆಲಸಕ್ಕೆ ಬಂದವರಲ್ಲಿ ಬಹಳ ಮಂದಿ ಬೆಟ್ಟದವರಲ್ಲ. ಮೇಸ್ತ್ರಿಗಳು, ಅಂದರೆ ಮುಂಗಡ ಹಣ ಕೊಟ್ಟು ಆಳುಗಳನ್ನು ಕೂಡಿಸಿ ತರುತ್ತಿದ್ದ ಮಧ್ಯವರ್ತಿಗಳು, ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದಲೂ ಮೈಸೂರಿನ ಬಯಲುಸೀಮೆಯಿಂದಲೂ ಕರೆತಂದ ಜನ ಇಳಿಜಾರಿನಲ್ಲಿ ಕಾಲೂರುವುದನ್ನು ಕೆಲಸ ಮಾಡುತ್ತಲೇ ಕಲಿಯಬೇಕಾಯಿತು. ಅವರ ಜಾಣ್ಮೆ ಪುಸ್ತಕಗಳಲ್ಲಿಲ್ಲ, ಉಪಕರಣಗಳಲ್ಲಿದೆ. ಒಂಟಿ ಬಿದಿರಿನ ಏಣಿ ಅದಕ್ಕೆ ಸಾಕ್ಷಿ. ಒಂದೇ ಗಳುವಿನ ಗೆಣ್ಣುಗಳಲ್ಲಿ ಕವಲುಗಳ ಮೋಟನ್ನು ಉಳಿಸಿ ಮಾಡಿದ ಈ ಏಣಿಯನ್ನು ಮರಕ್ಕೆ ಒರಗಿಸಿ ಹಗ್ಗದಿಂದ ಬಿಗಿಯುತ್ತಾರೆ. ಎರಡು ಕಾಲಿನ ಏಣಿಗೆ ಸಮತಟ್ಟು ನೆಲ ಬೇಕು, ಓರೆ ನೆಲದಲ್ಲಿ ಅದರ ಒಂದು ಕಾಲು ಗಾಳಿಯಲ್ಲೇ ಉಳಿಯುತ್ತದೆ. ಒಂಟಿ ಗಳುವಿಗೆ ಊರಲು ಒಂದು ಬಿಂದು ಸಾಕು. ಮಳೆಗಾಲಕ್ಕೆ ಮುನ್ನ ನೆರಳಿನ ಮರಗಳ ಕೊಂಬೆ ಸವರುವ ಮರಗಸಿಗೂ, ಮರಕ್ಕೆ ಹಬ್ಬಿದ ಬಳ್ಳಿಯಿಂದ ಮೆಣಸು ಕೊಯ್ಯುವುದಕ್ಕೂ ಇಂಥ ಏಣಿಯೇ ಆಧಾರವಾಗಿತ್ತು. ಮಳೆಗೆ ತಲೆಯಿಂದ ಬೆನ್ನಿನವರೆಗೆ ಇಳಿಬಿಡುವ ಕಂಬಳಿ ಕೊಪ್ಪೆಯೂ ಇದೇ ಜಾತಿಯದು: ಅದು ಎರಡೂ ಕೈಗಳನ್ನು ಬಿಡುವಾಗಿಡುತ್ತದೆ, ಜಾರುವಾಗ ಗಿಡದ ಬುಡ ಹಿಡಿಯಲು ಬೇಕಾದದ್ದು ಆ ಕೈಗಳೇ.

ಕಾನೂನು ಈ ವಿವರಗಳ ಸಮೀಪಕ್ಕೆ ಬಂದದ್ದು ಸ್ವಾತಂತ್ರ್ಯಾನಂತರ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಕುಡಿಯುವ ನೀರು, ವೈದ್ಯಕೀಯ ಸೌಲಭ್ಯ, ವಸತಿ, ಶಿಶುಪಾಲನೆಗಳನ್ನು ಮಾಲೀಕರ ಹೊಣೆಯಾಗಿಸಿತು. ಮಳೆ-ಚಳಿಯಿಂದ ರಕ್ಷಣೆಗೆ ಛತ್ರಿ, ಕಂಬಳಿ, ಮಳೆಯಂಗಿ ಒದಗಿಸುವಂತೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಅದು ದೊಡ್ಡ ಹೆಜ್ಜೆ, ಅದರಲ್ಲಿ ಅನುಮಾನವಿಲ್ಲ. ಆದರೂ ಆ ಪಟ್ಟಿಯ ತಲೆಯಲ್ಲಿ ಛತ್ರಿ ಇರುವುದನ್ನು ನೋಡಿದರೆ, ಅದನ್ನು ಬರೆದವರು ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಕತ್ತಿ ಹಿಡಿದು ಜುಲೈ ತಿಂಗಳ ಬೆಟ್ಟ ಹತ್ತಿದವರಲ್ಲವೆಂಬುದು ಸ್ಪಷ್ಟ.

ಬಿದಿರಿನ ಜಾಗಕ್ಕೆ ಹಗುರವಾದ ಅಲ್ಯೂಮಿನಿಯಂ ಏಣಿ ಬಂದ ಮೇಲೆ ಅಪಾಯ ಬೇರೆ ರೂಪ ತಾಳಿತು. ತೋಟದ ನಡುವೆ ಹಾದುಹೋಗುವ ವಿದ್ಯುತ್ ತಂತಿಗೆ, ಕೆಳಗಿನ ತಗ್ಗಿನಿಂದ ಎತ್ತಿದ ಉದ್ದನೆಯ ಲೋಹದ ಏಣಿ ತಗುಲಿ ಕಾರ್ಮಿಕರು ಸತ್ತ ಸುದ್ದಿ ಕೊಡಗು, ಚಿಕ್ಕಮಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. 2010ರಲ್ಲಿ ತಿದ್ದುಪಡಿಯಾಗಿ ಕಾಯ್ದೆಗೆ ಸುರಕ್ಷತೆಯ ಅಧ್ಯಾಯವೊಂದು ಸೇರಿದಾಗಲೂ ಅದು ಮಾತಾಡಿದ್ದು ಕೀಟನಾಶಕ, ರಾಸಾಯನಿಕ, ವಿಷವಸ್ತುಗಳ ಬಗ್ಗೆ. ಏಣಿಯ ಬುಡವನ್ನು ಎಲ್ಲಿ ಊರಬೇಕು, ಒಬ್ಬರ ನೇರ ಕೆಳಗೆ ಇನ್ನೊಬ್ಬರನ್ನು ಕೆಲಸಕ್ಕೆ ನಿಲ್ಲಿಸಬಹುದೇ ಎಂಬಂಥ ಪ್ರಶ್ನೆಗಳನ್ನು ಆ ಅಧ್ಯಾಯ ಮೊದಲಿನಂತೆ ಮೇಸ್ತ್ರಿಯ ವಿವೇಚನೆಗೇ ಬಿಟ್ಟಿತು.