ಪಟದ ಬೆನ್ನ ಮೇಲಿನ ಇತಿಹಾಸ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳೆಯ ಮನೆಗಳ ಪಡಸಾಲೆಯಲ್ಲಿ, ತೊಲೆಗೆ ಸಮೀಪದ ಗೋಡೆಯ ಮೇಲೆ ತುಸು ಮುಂದಕ್ಕೆ ಬಾಗಿದ ಕಪ್ಪು-ಬಿಳುಪು ಪಟಗಳನ್ನು ಇಂದಿಗೂ ಕಾಣಬಹುದು. ಕೋಟು, ರುಮಾಲು ತೊಟ್ಟು ಕುರ್ಚಿಯ ಮೇಲೆ ಕುಳಿತ ಹಿರಿಯ, ಪಕ್ಕದಲ್ಲಿ ನಿಂತ ಪತ್ನಿ, ಕ್ಯಾಮೆರಾವನ್ನು ಅಂಜಿಕೆಯಿಂದ ನೋಡುವ ಮಕ್ಕಳು. ಇವರು ಯಾರೆಂದು ಕೇಳಿದರೆ ಮನೆಯ ಅಜ್ಜಿ ಒಬ್ಬೊಬ್ಬರನ್ನೂ ಗುರುತಿಸಿ ಹೇಳಬಲ್ಲಳು. ಮಗ ಅರ್ಧ ಹೇಳುತ್ತಾನೆ. ಮೊಮ್ಮಗನಿಗೆ ಅವರು ‘ಹಳೇ ಕಾಲದವರು’, ಅಷ್ಟೆ.

ಇದೇ ಸೀಮೆಯ ಊರ ಮುಂದೆ, ಹೊಲದ ಬದುವಿನಲ್ಲಿ ನಿಂತ ವೀರಗಲ್ಲುಗಳದ್ದೂ ಒಂದರ್ಥದಲ್ಲಿ ಇಂಥದೇ ಕಥೆ. ಬರಹವಿರುವ ವೀರಗಲ್ಲು ಯಾರು, ಯಾವಾಗ, ಯಾವ ಕಾಳಗದಲ್ಲಿ ಮಡಿದನೆಂದು ಹೇಳುತ್ತದೆ. ಬರಹ ಅಳಿಸಿಹೋದದ್ದು ಬರಿಯ ಶಿಲ್ಪವಾಗಿ ಉಳಿಯುತ್ತದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳೂ, ಹನ್ನೊಂದನೆಯ ಸಂಪುಟದಲ್ಲಿ ಜಗಳೂರಿನವೂ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅಚ್ಚಾದವು. ಕಲ್ಲಿನ ಬರಹಕ್ಕೆ ನೂರು ವರ್ಷಗಳ ಹಿಂದೆಯೇ ದೊರೆತ ಈ ಆರೈಕೆ ಅದೇ ಊರುಗಳ ಫೋಟೊಗಳಿಗೆ ದೊರೆತಿಲ್ಲ. ಅವುಗಳನ್ನು ಕಲೆಹಾಕಿ, ಗುರುತಿಸಿ, ಹತ್ತು ಜನರಿಗೆ ತೋರಿಸುವ ಕೆಲಸ ಎಷ್ಟು ಮುಖ್ಯವೆಂಬುದನ್ನು ತಿಳಿಯಲು ಈ ಕಲೆ ನಮ್ಮ ನಾಡಿಗೆ ಬಂದ ದಾರಿಯನ್ನು ಒಮ್ಮೆ ನೋಡಬೇಕು.

ಮೊದಲು ಬಂದದ್ದು ಗುಡಿಗೆ

ಪ್ಯಾರಿಸ್‌ನಲ್ಲಿ ಡಾಗೇರ್‌ನ ಛಾಯಾಗ್ರಹಣ ವಿಧಾನ ಬಹಿರಂಗವಾದದ್ದು 1839ರಲ್ಲಿ. ಹದಿನೈದೇ ವರ್ಷಗಳಲ್ಲಿ ಕ್ಯಾಮೆರಾ ಹೊಯ್ಸಳರ ಗುಡಿಗಳ ಮುಂದೆ ನಿಂತಿತ್ತು. ಕಂಪೆನಿ ಸೈನ್ಯದ ಅಧಿಕಾರಿ ಲಿನ್ನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳ ಚಿತ್ರಗಳನ್ನು ತೆಗೆದ. ಮರುವರ್ಷ ಮದರಾಸಿನ ವಸ್ತುಪ್ರದರ್ಶನದಲ್ಲಿ ಅವು ಪ್ರದರ್ಶನಗೊಂಡು ಮೆಚ್ಚುಗೆ ಗಳಿಸಿದವು. ಕನ್ನಡ ನಾಡಿನ ಫೋಟೊಗಳು ಸಾರ್ವಜನಿಕ ಪ್ರದರ್ಶನ ಕಂಡ ಮೊದಮೊದಲ ಸಂದರ್ಭಗಳಲ್ಲಿ ಇದೂ ಒಂದು.

ಈಗಿನ ದಾವಣಗೆರೆ ಜಿಲ್ಲೆಯ ಮಟ್ಟಿಗೆ ಹರಿಹರದ ಹರಿಹರೇಶ್ವರ ದೇವಾಲಯಕ್ಕೆ ಈ ಭಾಗ್ಯ ಬೇಗ ಒದಗಿತು. 1850ರ ದಶಕದಲ್ಲಿ ವೈದ್ಯ ವಿಲಿಯಂ ಹೆನ್ರಿ ಪಿಗೋ ಅದರ ಚಿತ್ರ ತೆಗೆದ. ಪಿಗೋ, ನೀಲ್, ಬಿಗ್ಸ್ ಎಂಬ ಮೂವರ ಫೋಟೊಗಳನ್ನು ಅಂಟಿಸಿದ, ಧಾರವಾಡ ಹಾಗೂ ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತ ಭಾರಿ ಗ್ರಂಥ 1866ರಲ್ಲಿ ಲಂಡನ್‌ನಲ್ಲಿ ಪ್ರಕಟವಾಯಿತು. ವಿವರಣೆ ಬರೆದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್. ಫರ್ಗ್ಯುಸನ್ ಭಾರತದ ಕಟ್ಟಡಗಳ ಮೂರು ಸಾವಿರಕ್ಕೂ ಹೆಚ್ಚು ಫೋಟೊಗಳನ್ನು ಸಂಗ್ರಹಿಸಿ, ಒಂದರ ಪಕ್ಕ ಒಂದಿಟ್ಟು ಹೋಲಿಸಿ, 1876ರಲ್ಲಿ ಭಾರತೀಯ ವಾಸ್ತುಶಿಲ್ಪದ ಚರಿತ್ರೆಯನ್ನೇ ಬರೆದ. ಫೋಟೊ ಸಂಗ್ರಹ ಹವ್ಯಾಸವಷ್ಟೇ ಅಲ್ಲ, ವಿದ್ವತ್ತಿನ ಸಾಧನವೂ ಹೌದೆಂಬುದು ಆಗಲೇ ಸಾಬೀತಾಗಿತ್ತು.

ಆದರೆ ಈ ಮೊದಲ ಪಟಗಳಲ್ಲಿ ಜನ ಬಲು ವಿರಳ. ಕಾರಣ ಸ್ವಲ್ಪ ತಾಂತ್ರಿಕವಾದುದು. ಬೆಳಕು ಚಿತ್ರವಾಗಿ ಮೂಡಲು ಆಗ ಬಹಳ ಹೊತ್ತು ಹಿಡಿಯುತ್ತಿತ್ತು. ಅಲುಗಾಡದ ಕಲ್ಲು ಸ್ಪಷ್ಟವಾಗಿ ಮೂಡುತ್ತಿತ್ತು, ನಡೆದಾಡುವ ಮನುಷ್ಯ ಮಾಯವಾಗುತ್ತಿದ್ದ. ಇನ್ನೊಂದು ಕಾರಣ ತೆಗೆಯುವವರ ದೃಷ್ಟಿ. ಕಂಬದ ಎತ್ತರ ತಿಳಿಯಲೆಂದು ಪಕ್ಕದಲ್ಲಿ ನಿಲ್ಲಿಸಿದ ಆಳಿನ ಹೆಸರನ್ನು ಯಾರೂ ಕೇಳಲಿಲ್ಲ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಸರ್ಕಾರವೇ ಹೊರತಂದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿ ಜನರ ಮುಖಗಳೇನೋ ಇವೆ, ಆದರೆ ಬಹುಪಾಲು ಮುಖಗಳ ಕೆಳಗಿರುವುದು ವ್ಯಕ್ತಿಯ ಹೆಸರಲ್ಲ, ಜಾತಿಯ ಹೆಸರು.

ಕಲ್ಲಿನ ರಥದ ಸಾಕ್ಷ್ಯ

ಹಳೆಯ ನೆಗೆಟಿವ್ ಒಂದು ಏನನ್ನು ಉಳಿಸಬಲ್ಲುದು ಎಂಬುದಕ್ಕೆ ಹಂಪಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಸೈನ್ಯಾಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಸೆರೆಹಿಡಿದ. ಆಮೇಲೆ ಅವು ಕಣ್ಮರೆಯಾಗಿ, ಮತ್ತೆ ಬೆಳಕಿಗೆ ಬಂದದ್ದು 1980ರಲ್ಲಿ. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅವೇ ಕೋನಗಳಿಂದ ಮತ್ತೆ ಚಿತ್ರ ತೆಗೆದರು.

ಎರಡೂ ಕಾಲದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ನೂರಿಪ್ಪತ್ತೇಳು ವರ್ಷಗಳ ಬದಲಾವಣೆ ಒಂದೇ ನೋಟಕ್ಕೆ ಕಂಡಿತು. ವಿಠ್ಠಲ ದೇವಾಲಯದ ಕಲ್ಲಿನ ರಥ ಎಲ್ಲರಿಗೂ ಪರಿಚಿತ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಮೇಲೂ ಅದಿದೆ. ಗ್ರೀನ್‌ಲಾ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಇದೆ! ಈಗ ಅದಿಲ್ಲ. ಆ ಕಾಗದದ ನೆಗೆಟಿವ್ ಗೆದ್ದಲಿನ ಪಾಲಾಗಿದ್ದರೆ ರಥದ ಪೂರ್ಣ ರೂಪ ಹೀಗಿತ್ತೆಂದು ಕಣ್ಣಾರೆ ಕಾಣುವ ಅವಕಾಶ ತಪ್ಪುತ್ತಿತ್ತು. ಗ್ರೀನ್‌ಲಾ ಚಿತ್ರಗಳು ಮುಂದೆ ರಂಗತಜ್ಞ ಇಬ್ರಾಹಿಂ ಅಲ್ಕಾಜಿ ಅವರ ಸಂಗ್ರಹಕ್ಕೆ ಸೇರಿ, 2008ರಲ್ಲಿ ಜಾರ್ಜ್ ಮಿಷೆಲ್ ಸಂಪಾದಕತ್ವದ ಪುಸ್ತಕವಾಗಿಯೂ ಬಂದವು.

ಊರಿಗೆ ಬಂದ ಸ್ಟುಡಿಯೊ

ಜನಸಾಮಾನ್ಯರ ಮುಖ ಪಟದೊಳಗೆ ಬರಲು ಸ್ಟುಡಿಯೊಗಳು ಬರಬೇಕಾಯಿತು. ಆರಂಭದ ಒದ್ದೆ ಗಾಜಿನ ಪದ್ಧತಿಯಲ್ಲಿ ರಾಸಾಯನಿಕ ಆರುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಮೊದಲೇ ಸಿದ್ಧಪಡಿಸಿಟ್ಟ ಒಣ ಗಾಜು ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಪೇಟೆಯಲ್ಲಿ ಸಿಗತೊಡಗಿದ ಮೇಲೆ ಈ ಕಸುಬು ಸುಲಭವಾಯಿತು. ಕ್ರಮೇಣ ಸಣ್ಣ ಪಟ್ಟಣಗಳಲ್ಲೂ ಫಲಕಗಳು ಎದ್ದವು.

ಸ್ಟುಡಿಯೊದ ಒಳಗಿನ ಲೋಕ ಹಳಬರಿಗೆ ನೆನಪಿರುತ್ತದೆ. ಅರಮನೆಯ ಕಂಬ, ಸರೋವರ ಬರೆದ ಹಿನ್ನೆಲೆ ಪರದೆ, ಹೂದಾನಿ ಇಟ್ಟ ಎತ್ತರದ ಸ್ಟೂಲು, ಗಿರಾಕಿಗೆಂದೇ ತೂಗುಹಾಕಿದ ಕೋಟು, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ಫೋಟೊದವನು. ನೆಗೆಟಿವ್ ಮೇಲೆ ಮೊನಚು ಪೆನ್ಸಿಲ್ಲಿನಿಂದ ಮುಖದ ಕಲೆ ಮುಚ್ಚುವುದು, ಪ್ರಿಂಟಿನ ಮೇಲೆ ಕುಂಚದಿಂದ ಸೀರೆಗೆ ಬಣ್ಣ ಕಟ್ಟುವುದು ಪ್ರತ್ಯೇಕ ಕೌಶಲಗಳಾಗಿದ್ದವು. ಫೋಟೊ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆಂಬ ನಂಬಿಕೆಯೂ ಜನರಲ್ಲಿತ್ತು. ಅದರಿಂದಾಗಿ ಬದುಕಿದ್ದಾಗ ಒಂದೂ ಪಟ ತೆಗೆಸದ ಹಿರಿಯರನ್ನು ಸತ್ತ ಮೇಲೆ ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ ತೆಗೆಸಿದ್ದುಂಟು. ಎಷ್ಟೋ ಮನೆತನಗಳಿಗೆ ಆ ಒಬ್ಬ ವ್ಯಕ್ತಿಯ ಏಕೈಕ ಚಿತ್ರ ಅದೇ.

ಮದುವೆ, ಶಾಲೆಯ ಬೀಳ್ಕೊಡುಗೆ, ನಾಟಕದ ತಂಡ, ಸೊಸೈಟಿಯ ನಿರ್ದೇಶಕ ಮಂಡಳಿ, ತೇರು, ಕೆರೆ ಕೋಡಿ ಬಿದ್ದದ್ದು ಇವೆಲ್ಲ ಸ್ಟುಡಿಯೊದವರ ಕ್ಯಾಮೆರಾಕ್ಕೆ ಸಿಕ್ಕ ಸಂಗತಿಗಳು. ಚನ್ನಗಿರಿ, ಹೊನ್ನಾಳಿ ಭಾಗದಲ್ಲಿ ಭದ್ರಾ ನಾಲೆ ಹರಿದ ಮೇಲೆ ಬೆದ್ದಲು ನೆಲ ಗದ್ದೆಯಾಯಿತು, ತೋಟವಾಯಿತು. ನಾಲೆಗೆ ಮೊದಲಿನ ಊರು ಹೇಗಿತ್ತು? ಜಗಳೂರಿನಂಥ ಮಳೆಯಾಶ್ರಿತ ಸೀಮೆಯ ಬರಗಾಲದ ದಿನಗಳು ಹೇಗಿದ್ದವು? ಸರ್ಕಾರಿ ವರದಿಗಳಲ್ಲಿ ಎಕರೆ, ಇಂಚುಗಳ ಲೆಕ್ಕ ಸಿಗುತ್ತದೆ. ಜನ ಉಟ್ಟ ಬಟ್ಟೆ, ಮನೆಯ ಚಾವಣಿ, ಎತ್ತಿನ ಮೈಕಟ್ಟು ಕಾಣಬೇಕಾದರೆ ಇಂಥ ಪಟಗಳನ್ನೇ ನೋಡಬೇಕು.

ಕಳೆದುಹೋಗುವ ಬಗೆ

ಕಪ್ಪು-ಬಿಳುಪು ಚಿತ್ರದಲ್ಲಿ ಕಪ್ಪಾಗಿ ಕಾಣುವುದು ಬೆಳ್ಳಿಯ ಅತಿ ಸೂಕ್ಷ್ಮ ಕಣಗಳು. ಸರಿಯಾಗಿ ತೊಳೆದು ಒಣಗಿಸಿದ ಪ್ರಿಂಟು ನೂರು ವರ್ಷ ದಾಟಿಯೂ ಉಳಿದೀತು. 1970-80ರ ದಶಕದ ಬಹಳಷ್ಟು ಬಣ್ಣದ ಫೋಟೊಗಳು ಅದಕ್ಕಿಂತ ಬೇಗ ಕೆಂಪಾಗಿ ಮಾಸಿವೆ. ಹೈಪೊ ದ್ರಾವಣ ಪೂರ್ತಿ ತೊಳೆದುಹೋಗದಿದ್ದರೆ ಮಾತ್ರ ಚಿತ್ರ ಹಳದಿ ತಿರುಗುತ್ತದೆ. ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಚೌಕಟ್ಟಿನ ಗಾಜಿಗೆ ಪ್ರಿಂಟು ಅಂಟಿಕೊಳ್ಳುತ್ತದೆ.

ವಿಚಿತ್ರವೆಂದರೆ ಚಿತ್ರ ಮೂಡಿಸಿದ ಬೆಳ್ಳಿಯೇ ಅದಕ್ಕೆ ಶತ್ರುವೂ ಆಯಿತು. ಹಳೆಯ ಫಿಲ್ಮು, ನೆಗೆಟಿವ್‌ಗಳನ್ನು ಬೆಳ್ಳಿ ತೆಗೆಯಲೆಂದು ತೂಕಕ್ಕೆ ಕೊಳ್ಳುವವರಿದ್ದರು. ಗಾಜಿನ ನೆಗೆಟಿವ್‌ಗಳನ್ನು ಉಜ್ಜಿ ತೊಳೆದು ಫೋಟೊ ಚೌಕಟ್ಟಿಗೆ ಬಳಸಿದ್ದೂ ಉಂಟು. ಬಣ್ಣದ ಲ್ಯಾಬು, ಆಮೇಲೆ ಡಿಜಿಟಲ್ ಕ್ಯಾಮೆರಾ ಬಂದು ಕತ್ತಲೆ ಕೋಣೆಗಳು ಮುಚ್ಚಿದವು. ‘ಇಂದು’ ಹೆಸರಿನ ಫಿಲ್ಮು, ಕಾಗದ ತಯಾರಿಸುತ್ತಿದ್ದ, 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕೂಡ ಬಾಗಿಲು ಹಾಕಿತು. ಸ್ಟುಡಿಯೊ ಮುಚ್ಚಿದಾಗ ಅದರ ನೆಗೆಟಿವ್ ಪೆಟ್ಟಿಗೆಗಳಿಗೆ ವಾರಸುದಾರರಿಲ್ಲ.

ಹೆಸರಿನ ಬೆಲೆ

ಹೆಸರು ಬಿಟ್ಟುಹೋದರೆ ಏನಾಗುತ್ತದೆಂಬುದಕ್ಕೆ ಪಶ್ಚಿಮ ಆಫ್ರಿಕದ ಮಾಲಿ ದೇಶದ ಉದಾಹರಣೆಯಿದೆ. ಬಮಾಕೊ ನಗರದಲ್ಲಿ ಸೇಡು ಕೀಟಾ ಎಂಬಾತ 1948ರಲ್ಲಿ ಸ್ಟುಡಿಯೊ ತೆರೆದು ಊರಿನ ಜನರ ಚಿತ್ರ ತೆಗೆಯುತ್ತಿದ್ದ. ಆತನ ಕೆಲವು ಚಿತ್ರಗಳು 1991ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಾಗ ಕೆಳಗಿದ್ದ ವಿವರ ‘ಅಜ್ಞಾತ ಛಾಯಾಗ್ರಾಹಕ’ ಎಂದು. ಆತ ಆಗ ಬದುಕಿದ್ದ, ನೆಗೆಟಿವ್‌ಗಳೂ ಆತನ ಬಳಿ ಇದ್ದವು! ಆಮೇಲೆ ಆಸಕ್ತರು ಬಮಾಕೊಗೇ ಹೋಗಿ ಆತನನ್ನು ಪತ್ತೆಹಚ್ಚಿದರು. 1994ರಲ್ಲಿ ಪ್ಯಾರಿಸ್‌ನಲ್ಲಿ ಆತನ ಹೆಸರಿನಲ್ಲೇ ಪ್ರದರ್ಶನ ನಡೆಯಿತು.

ನಮ್ಮಲ್ಲಿಯೂ ಹೆಸರು, ಕಾಲ ಸಹಿತ ಉಳಿದವರಿದ್ದಾರೆ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ರೈತರು, ಶಾಲಾಮಕ್ಕಳು, ಬೀದಿಯ ಬದುಕನ್ನು ಕಪ್ಪು-ಬಿಳುಪಿನಲ್ಲಿ ದಾಖಲಿಸಿದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿತವಾದವು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ (ಮ್ಯಾಪ್) ಆರಂಭದಲ್ಲಿ ತೋರಿಸಿದ್ದರಲ್ಲಿ ಬರೋಡಾದ ಕಲಾವಿದ ಜ್ಯೋತಿ ಭಟ್ ಅವರ ಫೋಟೊಗಳೂ ಇದ್ದವು. ಹಳ್ಳಿಮನೆಯ ಗೋಡೆ, ನೆಲದ ಮೇಲೆ ಹೆಂಗಸರು ಬರೆದ ಚಿತ್ತಾರಗಳನ್ನು ಅವರು ದಶಕಗಳ ಕಾಲ ದಾಖಲಿಸಿದವರು. ಗೋಡೆಯ ಚಿತ್ತಾರ ಅಳಿಸಿದರೂ ಫೋಟೊ ಉಳಿದಿದೆ. ಆದರೆ ರಾಜಧಾನಿಯ ಸಂಗ್ರಹಾಲಯ ನ್ಯಾಮತಿಯ ಪಡಸಾಲೆಗೆ ಬಂದು ಪಟದಲ್ಲಿರುವವರು ಯಾರೆಂದು ಕೇಳಲಾರದು. ಅದು ಊರಿನವರೇ ಮಾಡಬೇಕಾದ ಕೆಲಸ.

ಕಾಲ ಗುರುತಿಸುವ ಸುಳಿವುಗಳು

ತಾರೀಖಿಲ್ಲದ ಪಟಕ್ಕೂ ಕಾಲ ಗೊತ್ತುಮಾಡಲು ದಾರಿಗಳಿವೆ. ಅದರ ರಟ್ಟಿನ ಮೇಲೋ ಬೆನ್ನಿಗೋ ಇರುವ ಸ್ಟುಡಿಯೊ ಮೊಹರನ್ನು ಮೊದಲು ನೋಡಬೇಕು. ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರ ಆಗಸ್ಟ್ 15ರಂದು. ಚನ್ನಗಿರಿ, ಹೊನ್ನಾಳಿ ಅಲ್ಲಿಯವರೆಗೆ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಮೊಹರಿನಲ್ಲಿ ‘ಜಗಳೂರು, ಚಿತ್ರದುರ್ಗ ಜಿಲ್ಲೆ’ ಎಂದಿದ್ದರೆ ಪಟ ಬಹುಶಃ ಅದಕ್ಕೂ ಹಿಂದಿನದು. ನ್ಯಾಮತಿ ಪ್ರತ್ಯೇಕ ತಾಲ್ಲೂಕಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ. ಆದ್ದರಿಂದ ‘ಹೊನ್ನಾಳಿ ತಾಲ್ಲೂಕು’ ಎಂದು ಬರೆದ ಹಳೆಯ ಗ್ರೂಪ್ ಫೋಟೊದ ಊರು ಈಗಿನ ನ್ಯಾಮತಿ ತಾಲ್ಲೂಕಿನಲ್ಲಿರಬಹುದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಹಿಂದಿನದೆಂದೂ, ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದೆಂದೂ ಊಹಿಸಬಹುದು. ಹೆಸರು ಬದಲಾದ ದಿನವೇ ಯಾರೂ ರಬ್ಬರ್ ಮೊಹರನ್ನು ಎಸೆಯುವುದಿಲ್ಲವಾದ್ದರಿಂದ ಇವು ಸುಳಿವುಗಳು ಮಾತ್ರ. ಮನೆಯ ಹಿರಿಯರ ನೆನಪಿನೊಂದಿಗೆ ತಾಳೆ ನೋಡಬೇಕು.

ಸಂಗ್ರಹವೆಂದರೆ ಮನೆಮನೆಯ ಪಟಗಳನ್ನು ಒಯ್ದು ಒಂದೆಡೆ ಕೂಡಿಹಾಕಬೇಕೆಂದೇನಿಲ್ಲ. ಮೂಲ ಪಟ ಮನೆಯಲ್ಲೇ ಇದ್ದು ಅದರ ಪ್ರತಿ ಸಂಗ್ರಹಕ್ಕೆ ಬಂದರೆ ಸಾಕು. ಪ್ರದರ್ಶನದಲ್ಲೂ ಪ್ರತಿಗಳನ್ನೇ ತೂಗುಹಾಕುವುದು ಕ್ಷೇಮ, ಏಕೆಂದರೆ ಪ್ರಖರ ಬೆಳಕು ಹಳೆಯ ಪ್ರಿಂಟಿಗೆ ಒಳ್ಳೆಯದಲ್ಲ. ಶಾಲೆಯ ಕೊಠಡಿ, ಗ್ರಂಥಾಲಯ, ಜಾತ್ರೆಯ ಮಂಟಪ ಎಲ್ಲಿಯಾದರೂ ಪ್ರದರ್ಶನ ಏರ್ಪಡಿಸಬಹುದು. ಪ್ರತಿ ಚಿತ್ರದ ಕೆಳಗೆ ಒಂದು ಖಾಲಿ ಹಾಳೆ ಇಟ್ಟರೆ ನೋಡಲು ಬಂದ ಹಿರಿಯರೇ ‘ಇವ ನಮ್ಮ ಚಿಕ್ಕಪ್ಪ’, ‘ಇದು ಹಳೇ ಸಂತೆ ಮೈದಾನ’ ಎಂದು ಬರೆಸಿಯಾರು. ನೋಡುಗರೇ ಸಂಶೋಧಕರಾಗುವ ಇಂಥ ಪ್ರದರ್ಶನ ದೊಡ್ಡ ನಗರದ ಗ್ಯಾಲರಿಗಳಿಗೂ ಸಾಧ್ಯವಿಲ್ಲ.

ಗುರುತು ಹೇಳಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ನೆಗೆಟಿವ್ ಹಾಳಾದರೂ ಪ್ರಿಂಟಿನಿಂದ ಪ್ರತಿ ಮಾಡಬಹುದು. ಹೆಸರು ಹೇಳುವವರು ಹೋದ ಮೇಲೆ ಅದಕ್ಕೆ ಪ್ರತಿಯಿಲ್ಲ. ದುಬಾರಿ ಯಂತ್ರ, ಅನುದಾನಗಳಿಗೆ ಕಾಯದೆ ಇಂದೇ ಮಾಡಬಹುದಾದ ಕೆಲಸವೊಂದಿದೆ. ಪಟವನ್ನು ಕೆಳಗಿಳಿಸಿ, ಅದರ ಬೆನ್ನಿಗೆ ಮೆದು ಪೆನ್ಸಿಲ್ಲಿನಿಂದ ಹಗುರವಾಗಿ ಹೆಸರು, ಊರು, ಇಸವಿ ಬರೆದಿಡುವುದು. ಶಾಯಿ ಬೇಡ, ಅದು ಮುಂದಕ್ಕೆ ಒಸರುತ್ತದೆ.