ಹರಿಶ್ಚಂದ್ರನ ವಿಕ್ರಯವೂ ಕನ್ನಡನಾಡಿನ ದಾಸ್ಯವೂ

ಹದಿಮೂರನೆಯ ಶತಮಾನದ ಆದಿಭಾಗದವನಾದ ರಾಘವಾಂಕನ ಹರಿಶ್ಚಂದ್ರಕಾವ್ಯವು ಕನ್ನಡ ತರಗತಿಗಳಲ್ಲಿ ಬಹುಕಾಲದಿಂದ ಪಾಠವಾಗಿ ನಡೆದುಬಂದಿದೆ. ತ. ಸು. ವೆಂಕಣ್ಣಯ್ಯನವರೂ ಎ. ಆರ್. ಕೃಷ್ಣಶಾಸ್ತ್ರಿಗಳೂ ಸಿದ್ಧಪಡಿಸಿದ ಸಂಗ್ರಹದ ಮೂಲಕ ಅದು ವಿದ್ಯಾರ್ಥಿಗಳ ಕೈಗೆ ಸುಲಭವಾಗಿ ದೊರೆಯುವಂತಾಯಿತು. ಅರಸನು ಕಾಶಿಯ ಬೀದಿಯಲ್ಲಿ ಹೆಂಡತಿ ಮಕ್ಕಳನ್ನು ಮಾರಿ, ತಾನೂ ಮಾರುಹೋಗುವ ಭಾಗವು ಬಂದಾಗ ಉಪಾಧ್ಯಾಯರು ಸತ್ಯನಿಷ್ಠೆಯನ್ನೂ ಕರುಣರಸವನ್ನೂ ವಿವರಿಸುವುದು ವಾಡಿಕೆ. ರಸವಿಚಾರಕ್ಕೆ ಕನ್ನಡದಲ್ಲಿ ಅಧಿಕೃತಗ್ರಂಥವಾದ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಬರೆದ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಅದೇ ತಾಲ್ಲೂಕಿನ ಹಂದನಕೆರೆ ಹೋಬಳಿಯ ತೆಂಗಿನ ತೋಟಗಳ ನಡುವೆ ಈ ಪದ್ಯಗಳನ್ನೋದುವ ವಿದ್ಯಾರ್ಥಿಯೊಬ್ಬನು ರಸವಿಚಾರವನ್ನು ಕೇಳಿ ಮುಗಿಸಿದ ಮೇಲೆ ಬೇರೊಂದು ಪ್ರಶ್ನೆಯನ್ನೆತ್ತಿದರೆ ಅದನ್ನು ಅಪ್ರಸಕ್ತವೆಂದು ತಳ್ಳಿಹಾಕಲಾಗದು. ಮನುಷ್ಯನನ್ನು ಕೊಳ್ಳುವ ಪೇಟೆಯೊಂದು ಕವಿಗೆ ಏತಕ್ಕೆ ಆಶ್ಚರ್ಯವನ್ನುಂಟುಮಾಡಲಿಲ್ಲ? ಕೊಳ್ಳುವವನು ಇಂಥವನೆಂಬುದಷ್ಟೇ ಏತಕ್ಕೆ ಕಣ್ಣೀರಿಗೆ ಕಾರಣವಾಯಿತು?

ಉತ್ತರವನ್ನು ಕಾವ್ಯಕ್ಕಿಂತ ಸುಮಾರು ಒಂದು ಶತಮಾನದಷ್ಟು ಹಿಂದಿನ ಧರ್ಮಶಾಸ್ತ್ರಗ್ರಂಥವೊಂದರಲ್ಲಿ ಹುಡುಕಬೇಕಾಗುತ್ತದೆ. ಆರನೆಯ ವಿಕ್ರಮಾದಿತ್ಯನು ಕಲ್ಯಾಣದಲ್ಲಿ ಆಳುತ್ತಿದ್ದಾಗ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಅದರ ವ್ಯವಹಾರಕಾಂಡದಲ್ಲಿ ದಾಸರ ಪ್ರಕರಣವುಂಟು. ನಾರದನನ್ನನುಸರಿಸಿ ಅಲ್ಲಿ ಹದಿನೈದು ಬಗೆಯ ದಾಸರನ್ನೆಣಿಸಿದೆ: ಮನೆಯಲ್ಲಿ ದಾಸಿಗೆ ಹುಟ್ಟಿದವನು, ಕೊಂಡವನು, ದಾನವಾಗಿ ದೊರೆತವನು, ದಾಯವಾಗಿ ಬಂದವನು, ಕ್ಷಾಮದಲ್ಲಿ ಅನ್ನವಿಟ್ಟು ಸಾಕಿದವನು, ಒತ್ತೆಯಿಟ್ಟವನು, ದೊಡ್ಡ ಸಾಲದಿಂದ ಬಿಡಿಸಲ್ಪಟ್ಟವನು, ಯುದ್ಧದಲ್ಲಿ ಸೆರೆಸಿಕ್ಕವನು, ಪಣದಲ್ಲಿ ಗೆದ್ದವನು, 'ನಾನು ನಿನ್ನವನು' ಎಂದು ತಾನಾಗಿ ಬಂದವನು, ಸಂನ್ಯಾಸದಿಂದ ಜಾರಿದವನು, ಇಷ್ಟು ಕಾಲವೆಂದು ಗೊತ್ತುಮಾಡಿಕೊಂಡವನು, ಅನ್ನಕ್ಕಾಗಿ ನಿಂತವನು, ದಾಸಿಯ ಮೇಲಣ ಮೋಹದಿಂದ ದಾಸನಾದವನು, ಕಡೆಯದಾಗಿ ತನ್ನನ್ನು ತಾನೇ ಮಾರಿಕೊಂಡವನು. ಸಾಲದವನು ಸಾಲ ತೀರಿಸಿದರೆ ಬಿಡುಗಡೆ ಹೊಂದುವನು. ಅನ್ನಕ್ಕೆ ನಿಂತವನು ಅನ್ನವನ್ನು ಬಿಟ್ಟರೆ ಹೋಗಬಹುದು. ಒಡೆಯನ ಪ್ರಾಣವನ್ನು ಉಳಿಸಿದವನು ಯಾವ ಬಗೆಯವನಾದರೂ ಬಿಡುಗಡೆಗೆ ಅರ್ಹನು. ತನ್ನನ್ನು ತಾನೇ ಮಾರಿಕೊಂಡವನನ್ನಾದರೋ ನಾರದನು ದಾಸರಲ್ಲೆಲ್ಲ ಅಧಮನೆಂದಿದ್ದಾನೆ. ಹರಿಶ್ಚಂದ್ರನು ಈ ಎಣಿಕೆಯ ಕಟ್ಟಕಡೆಯವನು.

ಇದಕ್ಕಿಂತ ಮುಖ್ಯವಾದ ನಿಯಮವೊಂದಿದೆ. ದಾಸ್ಯವು ವರ್ಣಗಳ ಅನುಲೋಮಕ್ರಮದಲ್ಲಿ ಮಾತ್ರ ಸಲ್ಲುವುದು, ಪ್ರತಿಲೋಮವಾಗಿ ಸಲ್ಲದು ಎಂಬುದು ಯಾಜ್ಞವಲ್ಕ್ಯನ ಮತ. ಮೇಲಿನವನಿಗೆ ಕೆಳಗಿನವನು ದಾಸನಾಗಬಹುದು. ಕೆಳಗಿನವನಿಗೆ ಮೇಲಿನವನು ಆಗಕೂಡದು. ಈ ಸೂತ್ರವನ್ನು ಕೈಯಲ್ಲಿ ಹಿಡಿದು ಕಾವ್ಯವನ್ನು ನೋಡಿದರೆ ಕಾಶಿಯ ಎರಡು ಕ್ರಯಗಳ ಅಂತರವು ಸ್ಪಷ್ಟವಾಗುತ್ತದೆ. ಚಂದ್ರಮತಿಯನ್ನೂ ಲೋಹಿತಾಶ್ವನನ್ನೂ ಕೊಂಡವನು ಬ್ರಾಹ್ಮಣ. ಅದು ದುಃಖಕರವಾದರೂ ಶಾಸ್ತ್ರಕ್ಕೆ ಒಪ್ಪಿದ ಕ್ರಯ. ಅರಸನನ್ನು ಕೊಂಡ ವೀರಬಾಹುಕನಾದರೋ ಸುಡುಗಾಡಿನ ಒಡೆಯನಾದ ಅನಾಮಿಕ. ಈ ಕ್ರಯವು ಪ್ರತಿಲೋಮ, ಅಂದರೆ ಯಾವ ಧರ್ಮಾಧಿಕಾರಿಯೂ ಎತ್ತಿಹಿಡಿಯಲಾರದಂಥದು. ನ್ಯಾಯಸ್ಥಾನದಲ್ಲಿ ನಿಲ್ಲದ ಮಾತನ್ನೂ ಹರಿಶ್ಚಂದ್ರನು ಉಳಿಸಿಕೊಂಡನೆಂಬುದರಲ್ಲಿಯೇ ಅವನ ಸತ್ಯದ ಹಿರಿಮೆಯಿದೆ. ಹಾಗೆಯೇ ಕಾವ್ಯವನ್ನು ಕೇಳುತ್ತಿದ್ದ ಸಭೆಯ ಎದೆ ನಡುಗಿದ್ದು ಮನುಷ್ಯನು ಸರಕಾದನೆಂಬುದಕ್ಕಲ್ಲ, ಸರಕು ತಪ್ಪಿದ ಮನೆಗೆ ಹೋಯಿತೆಂಬುದಕ್ಕೆ ಎಂದು ಊಹಿಸಿದರೆ ತಪ್ಪಾಗಲಾರದು. ಮಾರ್ಕಂಡೇಯಪುರಾಣದ ಕಥೆಯಲ್ಲಿ ಆ ಚಂಡಾಲನು ವೇಷ ಮರೆಸಿಕೊಂಡ ಧರ್ಮದೇವತೆಯೆಂದು ಕೊನೆಗೆ ತಿಳಿದುಬರುತ್ತದೆ. ಅಷ್ಟರಿಂದ ಪ್ರತಿಲೋಮದ ಕಳಂಕವೂ ತೊಡೆದುಹೋಗುತ್ತದೆ.

ಶ್ಮಶಾನದ ಪ್ರಸಂಗಕ್ಕೂ ಇಂಥದೇ ಶಾಸ್ತ್ರಾಧಾರವಿದೆ. ಹಾವು ಕಚ್ಚಿ ಸತ್ತ ಮಗನನ್ನು ಸುಡಲು ಬಂದ ತಾಯಿಯನ್ನು ಕಾವಲಿನವನು ತೆರೆ ಕೇಳುತ್ತಾನೆ. ಅವಳಲ್ಲಿ ಕೊಡಲು ಏನೂ ಇಲ್ಲ. ಇದನ್ನು ಕೇವಲ ಬಡತನವೆಂದು ತಿಳಿಯಬಾರದು. ಹೆಂಡತಿ, ಮಗ, ದಾಸ, ಈ ಮೂವರಿಗೂ ಸ್ವಂತ ಧನವೆಂಬುದಿಲ್ಲವೆಂದು ಮನುಸ್ಮೃತಿಯ ವಿಧಿ. ಚಂದ್ರಮತಿ ಹೆಂಡತಿಯೂ ಹೌದು, ದಾಸಿಯೂ ಹೌದು. ಅವಳು ಎರಡು ಪಟ್ಟು ನಿರ್ಧನಳು. ಕೇಳುವವನೂ ದಾಸ, ದೊರೆತ ಕಾಸು ಅವನದಾಗದು, ಬಿಟ್ಟುಕೊಡುವ ಅಧಿಕಾರವೂ ಅವನಿಗಿಲ್ಲ. ಇಬ್ಬರು ದಾಸರ ನಡುವೆ ಅಲ್ಲಿಲ್ಲದ ಇಬ್ಬರು ಒಡೆಯರ ಲೆಕ್ಕ ನಡೆಯುತ್ತದೆ. ರಾಘವಾಂಕನ ಕರುಣರಸವು ಇಷ್ಟು ಗಟ್ಟಿಯಾಗಿ ನಿಂತಿರುವುದು ಈ ತಳಹದಿಯ ಮೇಲೆ.

ಆದರೆ ಕವಿಯು ಸ್ಮೃತಿಯ ಗಡಿಯೊಳಗೇ ನಿಂತನೆಂದು ಹೇಳಿಬಿಟ್ಟರೆ ಅವನಿಗೆ ಅನ್ಯಾಯಮಾಡಿದಂತಾಗುತ್ತದೆ. ಇದಕ್ಕೆ ಮುಂಚೆ, ಅರಸನು ಬೇಟೆಗೆ ಹೋಗಿದ್ದಾಗ, ವಿಶ್ವಾಮಿತ್ರನು ನಿರ್ಮಿಸಿ ಕಳುಹಿದ ಇಬ್ಬರು ಅನಾಮಿಕ ಕನ್ಯೆಯರು ಬಂದು ಹಾಡುತ್ತಾರೆ. ಮೆಚ್ಚಿದ ಅರಸನು ಉಡುಗೊರೆ ಕೊಡುತ್ತಾನೆ. ಅವರು ಸತ್ತಿಗೆಯನ್ನು ಬೇಡುತ್ತಾರೆ, ಅದು ಸಲ್ಲದೆನ್ನಲು ತಮ್ಮನ್ನು ವರಿಸೆಂದು ಬೇಡುತ್ತಾರೆ. ಕುಲವನ್ನು ಮುಂದುಮಾಡಿ ಅವನು ನಿರಾಕರಿಸಿದಾಗ ಅವರು ಹೂಡುವ ವಾದವು ಹಳಗನ್ನಡ ನಡುಗನ್ನಡಗಳೆರಡರಲ್ಲಿಯೂ ಅಪೂರ್ವವಾದುದು. ತಮ್ಮ ಹಾಡನ್ನು ಕೇಳಿದ ಕಿವಿ, ರೂಪವನ್ನು ನೋಡಿದ ಕಣ್ಣು, ತಮ್ಮೊಡನೆ ಮಾತಾಡಿದ ಬಾಯಿ, ಮೈಯ ಗಾಳಿಯನ್ನು ಮೂಸಿದ ಮೂಗು ಇವು ಮೈಲಿಗೆಯಾಗದಿದ್ದರೆ, ಮುಟ್ಟುವ ಇಂದ್ರಿಯವೊಂದೇ ಏಕೆ ಮೈಲಿಗೆಯಾಗಬೇಕೆಂಬುದು ಅವರ ಪ್ರಶ್ನೆ. ಕಡೆಗೆ ಅರಸನು ಅವರನ್ನು ಹೊಡೆದು ಅಟ್ಟಿಸುತ್ತಾನೆ. ರಾಜ್ಯ ಹೋಗುವುದೂ, ಅನಾಮಿಕನ ಆಳಾಗುವುದೂ ಇಲ್ಲಿಂದಲೇ ಮೊದಲಾಗುತ್ತವೆ. ಅನಾಮಿಕ ಸ್ತ್ರೀಯರನ್ನೊಲ್ಲದವನು ಅನಾಮಿಕನ ಕೈಕೆಳಗೆ ನಿಂತನೆಂಬ ಈ ಹೊಂದಿಕೆಯನ್ನು ಕವಿಯು ತಿಳಿಯದೆ ಮಾಡಿದನೆಂದು ನಂಬುವುದು ಕಷ್ಟ. ಶಿವಶರಣರ ಕಾಲವು ಆಗತಾನೆ ಕಳೆದಿತ್ತು.

ದಾಸ್ಯವು ಆ ಯುಗದಲ್ಲಿ ಅವಮಾನದ ಮಾತಾಗಿ ಮಾತ್ರವೇ ಇರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಒಡೆಯನ ಅನ್ನದ ಋಣವನ್ನು ಪ್ರಾಣಕೊಟ್ಟು ತೀರಿಸುವ ಜೋಳವಾಳಿಯು ವೀರನಿಗೆ ಭೂಷಣವಾಗಿತ್ತು. ಇಮ್ಮಡಿ ಬಲ್ಲಾಳನೊಡನೆ ಕುವರಲಕ್ಷ್ಮನು ಪತ್ನೀಸಮೇತನಾಗಿ ಪ್ರಾಣವನ್ನು ಬಿಟ್ಟ ಸಂಗತಿಯನ್ನು ಹಳೆಯಬೀಡಿನ ಕಂಬದ ಶಾಸನವು ಸ್ತುತಿಸುತ್ತದೆ. ಕೂಡಲಸಂಗನ ತೊತ್ತಿನ ಮಗನೆಂದು ಹೇಳಿಕೊಳ್ಳುವುದರಲ್ಲಿ ಬಸವಣ್ಣನವರಿಗೆ ಹೆಮ್ಮೆಯಿತ್ತು. ಮುಂದೆ ಹರಿದಾಸರು ಆ ಪದವನ್ನೇ ಹೆಸರಾಗಿ ಧರಿಸಿದರು. 'ಜೀತ' ಎಂಬ ಮಾತಿನ ಚರಿತ್ರೆ ಇನ್ನೂ ವಿಚಿತ್ರವಾದುದು. ಅದು ಸಂಸ್ಕೃತದ 'ಜೀವಿತ'ದ ತದ್ಭವ. ಹಿಂದೆ ಅದಕ್ಕೆ ವೇತನ, ಸಂಬಳವೆಂದು ಅರ್ಥ. ಬದುಕನ್ನು ಕೊಡುವುದೆಂಬ ಮಾತು ಬದುಕನ್ನು ಒತ್ತೆಯಿಡುವುದೆಂಬ ಅರ್ಥಕ್ಕೆ ಇಳಿದುಬಂತು. ಈ ಇಳಿತವು ನಿಘಂಟಿನಲ್ಲಿ ಮಾತ್ರ ನಡೆದುದಲ್ಲ.

ಬುಕನನ್ನನು 1800–1801ರಲ್ಲಿ ಮೈಸೂರು, ಕೆನರಾ, ಮಲೆಯಾಳ ಸೀಮೆಗಳನ್ನು ಸುತ್ತಿ ಬರೆದ ಗ್ರಂಥವು 1807ರಲ್ಲಿ ಅಚ್ಚಾಯಿತು. ಚಿಕ್ಕನಾಯಕನಹಳ್ಳಿಯನ್ನೂ ಹಾದುಹೋದ ಆತನು, ಕರಾವಳಿಗಿಳಿದಾಗ ಮೂಲದಾಳುಗಳನ್ನು ಕೊಳ್ಳುವ, ಮಾರುವ, ಬಾಡಿಗೆಗೆ ಕೊಡುವ ಪದ್ಧತಿಯನ್ನು ಕಂಡನು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮತನವನ್ನು ತೆಗೆದುಹಾಕಿದ 1833ರ ಶಾಸನವು ಕಂಪೆನಿಯ ಇಂಡಿಯಾವನ್ನು ಹೊರಗಿಟ್ಟಿತ್ತು. 1843ರ ಐದನೆಯ ಆಕ್ಟಿನಿಂದ ನ್ಯಾಯಸ್ಥಾನಗಳು ದಾಸನ ಮೇಲೆ ಒಡೆಯನ ಸ್ವಾಮ್ಯವನ್ನು ಮನ್ನಿಸುವುದು ನಿಂತಿತು. ಸಾಲದ ಹೆಸರಿನ ಜೀತವಾದರೋ ನಿಲ್ಲಲಿಲ್ಲ. ನಾರದನ ಪಟ್ಟಿಯಲ್ಲಿ ಕ್ರೀತನೆಂಬವನ ಹೆಸರು ಹೊಡೆದುಹೋಗಿ, ಋಣದವನ ಹೆಸರು ಉಳಿಯಿತೆಂದು ಹೇಳಬಹುದು. ಶಿವರಾಮ ಕಾರಂತರ 'ಚೋಮನ ದುಡಿ' (1933) ಈ ಉಳಿದವನ ಕಥೆ. ಚೋಮನನ್ನು ಯಾರೂ ಕೊಂಡಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿಯ ತೋಟಕ್ಕೆ ಹೋಗುತ್ತಾರೆ. ಹೊಲೆಯನಿಗೆ ಬೇಸಾಯದ ಭೂಮಿಯೂ ದೊರೆಯುವುದಿಲ್ಲ. ನೀರಿನಲ್ಲಿ ಮುಳುಗುತ್ತಿರುವ ಅವನ ಮಗನನ್ನು ಮುಟ್ಟಬಾರದೆಂದು ದಡದ ಜನ ಸುಮ್ಮನೆ ನಿಲ್ಲುತ್ತಾರೆ. ಅನಾಮಿಕ ಕನ್ಯೆಯರ ಪ್ರಶ್ನೆಗೆ ಏಳು ಶತಮಾನಗಳ ಮೇಲೆ ದೊರೆತ ಉತ್ತರ ಅದು. ತರಗತಿಯಲ್ಲಿ ಈ ಎರಡು ಕೃತಿಗಳನ್ನು ಒಟ್ಟಿಗಿಟ್ಟು ಓದಿಸುವುದು ವಿರಳ. ಒಂದು ನಡುಗನ್ನಡ, ಮತ್ತೊಂದು ಹೊಸಗನ್ನಡವೆಂಬ ವಿಭಾಗವೇ ಇದಕ್ಕೆ ಅಡ್ಡಿ.

ಮೈಬಣ್ಣವನ್ನು ಹಿಡಿದು ಮನುಷ್ಯನನ್ನು ಮಾರಿದ ಚರಿತ್ರೆಯೂ ಕನ್ನಡನಾಡಿಗೆ ಹೊರಗಿನದಲ್ಲ. ಆಫ್ರಿಕದಿಂದ ದಾಸರಾಗಿ ಬಂದವರಲ್ಲಿ ಕೆಲವರು ಸುಲ್ತಾನರ ಆಸ್ಥಾನಗಳಲ್ಲಿ ಅಧಿಕಾರಕ್ಕೇರಿದರು. ಅಹಮದ್‌ನಗರದಲ್ಲಿ ಮಲಿಕ್ ಅಂಬರ್, ಬಿಜಾಪುರದಲ್ಲಿ ಇಖ್ಲಾಸ್ ಖಾನ್ ಅಂಥವರು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ತಂದವರಿಗೆ ಆ ಭಾಗ್ಯವಿರಲಿಲ್ಲ. ಅವರಲ್ಲಿ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಉತ್ತರಕನ್ನಡದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಸಿದ್ದಿಗಳು ಅವರ ಸಂತತಿಯವರು. ಪೋರ್ಚುಗೀಸ್ ರಾಜ್ಯದಲ್ಲಿ ದಾಸ್ಯವು ರದ್ದಾದುದು 1869ರಲ್ಲಿ. ಅಮೆರಿಕದಲ್ಲಿ 1865ರಲ್ಲಿ ಗುಲಾಮತನವು ಕೊನೆಗಂಡುದನ್ನು ನೆನೆದು ಜ್ಯೋತಿಬಾ ಫುಲೆಯವರು ತಮ್ಮ 'ಗುಲಾಮಗಿರಿ'ಯನ್ನು (1873) ಆ ದೇಶದ ಜನರಿಗೆ ಅರ್ಪಿಸಿದರು. ವರ್ಣವೆಂಬ ಒಂದೇ ಪದಕ್ಕೆ ಬಣ್ಣವೆಂದೂ ಜಾತಿಯೆಂದೂ ಅರ್ಥವಿರುವ ನಾಡಿನಲ್ಲಿ ಆ ಅರ್ಪಣೆಯ ಅಭಿಪ್ರಾಯವು ತಿಳಿಯದಿರಲಾರದು.

ಬಿಡುಗಡೆಗೆ ನಾರದನು ಒಂದು ವಿಧಿಯನ್ನು ಹೇಳಿದ್ದಾನೆ. ಒಡೆಯನು ದಾಸನ ಹೆಗಲ ಮೇಲಿನ ನೀರಿನ ಕೊಡವನ್ನು ತೆಗೆದು ಒಡೆಯಬೇಕು. ಅವನ ತಲೆಯ ಮೇಲೆ ಅಕ್ಷತೆ ಹೂಗಳು ಕೂಡಿದ ನೀರನ್ನು ಚಿಮುಕಿಸಿ 'ಇವನು ಅದಾಸ' ಎಂದು ಮೂರು ಸಲ ಸಾರಬೇಕು. ಸಂವಿಧಾನದ 23ನೆಯ ವಿಧಿಯೂ 1976ರ ಜೀತಪದ್ಧತಿ ರದ್ದಿಯಾತಿಯ ಕಾಯಿದೆಯೂ ಮಾಡಿದ ಸಾರಿಕೆಯು ಒಡೆಯನ ಅನುಗ್ರಹವನ್ನು ಕಾಯಲಿಲ್ಲ. ಆ ಕಾಯಿದೆಯಿಂದ ಜೀತದ ಸಾಲವೇ ಅಳಿಸಿಹೋಯಿತು. ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದಕ್ಕೂ ಮುಂಚೆ, 1980ರ ದಶಕದಲ್ಲಿ, ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಅವರು 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕವನ್ನಾಡಿದರು. ಅದರ ಮೂಲವು ನೈಜೀರಿಯದ ಚಿನುವಾ ಅಚೆಬೆಯ 1958ರ ಕಾದಂಬರಿ. ಪೂರ್ವಿಕರು ದಾಸರಾಗಿ ಬಿಟ್ಟುಬಂದ ಭೂಖಂಡದ ಕಥೆಯನ್ನು ಅವರ ಮಕ್ಕಳು ಕನ್ನಡದಲ್ಲಿ ಆಡಿ ತೋರಿಸಿದರು.