ಇಂಧನ ನಿಯಮಗಳಿಂದ ವಾಹನದ ಹೊಗೆ ನಿಜವಾಗಿ ತಗ್ಗಿದೆಯೇ?

ವಾಯುಮಾಲಿನ್ಯವನ್ನು ತಡೆಯಲು ಇಂಧನ ಮತ್ತು ವಾಹನಗಳ ಮೇಲೆ ಸರ್ಕಾರಗಳು ಕಾಲಕಾಲಕ್ಕೆ ನಿಯಮಗಳನ್ನು ವಿಧಿಸಿವೆ. ಅವು ಫಲ ನೀಡಿವೆಯೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ನಮ್ಮ ಕನ್ನಡ ಮಾಧ್ಯಮ ಶಾಲೆಗಳ ವಿದ್ಯಾರ್ಥಿಗಳಿಗೂ ಪೋಷಕರಿಗೂ ಉಪಯೋಗವಾಗಲೆಂದು ಮುಖ್ಯ ವಿವರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಸೀಸರಹಿತ ಪೆಟ್ರೋಲ್

ಎಂಜಿನ್ನಿನ ಬಡಿತವನ್ನು ತಡೆಯಲು 1920ರ ದಶಕದಿಂದ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಲಾಗುತ್ತಿತ್ತು. ಹೊಗೆಯ ಮೂಲಕ ದೇಹವನ್ನು ಸೇರುವ ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಭಾರತದಾದ್ಯಂತ 2000ದ ಫೆಬ್ರವರಿಯಿಂದ ಸೀಸರಹಿತ ಪೆಟ್ರೋಲ್ ಜಾರಿಗೆ ಬಂದಿತು. 2021ರಲ್ಲಿ ಅಲ್ಜೀರಿಯಾ ಕೊನೆಯದಾಗಿ ಈ ದಾರಿ ಹಿಡಿಯಿತು. ಸೀಸವನ್ನು ಕೈಬಿಟ್ಟ ದೇಶಗಳಲ್ಲಿ ಮಕ್ಕಳ ರಕ್ತದಲ್ಲಿನ ಸೀಸದ ಪ್ರಮಾಣ ತೀವ್ರವಾಗಿ ಇಳಿಯಿತು. ವಿಷವನ್ನು ಮೂಲದಲ್ಲಿಯೇ ತೆಗೆದದ್ದರಿಂದ, ಚಾಲಕರು ನಿಯಮ ಪಾಲಿಸುವರೋ ಇಲ್ಲವೋ ಎಂಬ ಪ್ರಶ್ನೆಯೇ ಏಳಲಿಲ್ಲ.

ಭಾರತ್ ಸ್ಟೇಜ್ ಮಾನದಂಡಗಳು

ಡೀಸೆಲ್‌ನಲ್ಲಿರುವ ಗಂಧಕವು ಹೊಗೆಯನ್ನು ಹೆಚ್ಚಿಸುವುದಲ್ಲದೆ, ಹೊಗೆ ಶುದ್ಧೀಕರಿಸುವ ಸಾಧನಗಳನ್ನೂ ಕೆಡಿಸುತ್ತದೆ. ಆದುದರಿಂದ ಇಂಧನ ಶುದ್ಧವಾಗದೆ ವಾಹನ ಶುದ್ಧವಾಗದು. ಹತ್ತು ಲಕ್ಷ ಭಾಗ ಡೀಸೆಲ್‌ನಲ್ಲಿ ಮೂರನೆಯ ಹಂತದ ಮಾನದಂಡವು 350 ಭಾಗ ಗಂಧಕಕ್ಕೆ ಅವಕಾಶ ಕೊಟ್ಟಿತ್ತು. ನಾಲ್ಕನೆಯ ಹಂತ ಅದನ್ನು 50ಕ್ಕೂ, ಆರನೆಯ ಹಂತ 10ಕ್ಕೂ ಇಳಿಸಿತು.

2010ರಲ್ಲಿ ನಾಲ್ಕನೆಯ ಹಂತ ಮೊದಲು ಬಂದ ನಗರಗಳ ಪಟ್ಟಿಯಲ್ಲಿ ಬೆಂಗಳೂರು, ಮುಂಬಯಿ, ಹೈದರಾಬಾದುಗಳ ಜೊತೆಗೆ ನಮ್ಮ ಸೊಲ್ಲಾಪುರವೂ ಇತ್ತು. ಆದರೆ ನಗರದ ಆಚೆಗೆ ಹಳೆಯ ಮಾನದಂಡವೇ ಮುಂದುವರಿಯಿತು. ಹೊರಗೆ ಡೀಸೆಲ್ ತುಂಬಿಸಿಕೊಂಡು ನಗರವನ್ನು ಹಾದುಹೋಗುವ ಲಾರಿಗೆ ಪಟ್ಟಿಯ ನಿರ್ಬಂಧವೆಲ್ಲಿ? ಇಡೀ ದೇಶಕ್ಕೆ ಒಂದೇ ಮಾನದಂಡ ಬಂದದ್ದು 2017ರ ಏಪ್ರಿಲ್‌ನಲ್ಲಿ. ಐದನೆಯ ಹಂತವನ್ನು ಬಿಟ್ಟು 2020ರ ಏಪ್ರಿಲ್‌ನಲ್ಲಿ ಆರನೆಯ ಹಂತವನ್ನು ಜಾರಿಗೊಳಿಸಲಾಯಿತು. ಡೀಸೆಲ್ ಕಾರುಗಳು ಹೊರಸೂಸಬಹುದಾದ ನೈಟ್ರೋಜನ್ ಆಕ್ಸೈಡುಗಳ ಮಿತಿ ಇದರಿಂದ ಶೇ. 68ರಷ್ಟು ಇಳಿಯಿತು. ಆದರೆ ಈ ಮಿತಿ ಹೊಸ ವಾಹನಗಳಿಗೆ ಮಾತ್ರ. ಹಳೆಯವು ರಸ್ತೆಯಲ್ಲಿ ಇರುವವರೆಗೆ ಪೂರ್ಣ ಫಲ ದೊರೆಯದು.

ದೆಹಲಿಯ ಪಾಠ

ಸರ್ವೋಚ್ಚ ನ್ಯಾಯಾಲಯದ 1998ರ ಆದೇಶದಂತೆ ದೆಹಲಿಯ ನಗರ ಸಾರಿಗೆ ಬಸ್ಸುಗಳು 2002ರ ಕೊನೆಯ ವೇಳೆಗೆ ಸಿಎನ್‌ಜಿಗೆ ಬದಲಾದವು. ಬಸ್ಸುಗಳ ಕಪ್ಪು ಹೊಗೆ ಕಡಿಮೆಯಾಯಿತು. ಆದರೆ ಮುಂದೆ ನಗರದ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿತು; ಗಳಿಸಿದ ಲಾಭದ ಬಹುಭಾಗ ಹಾಗೆ ಕರಗಿಹೋಯಿತು.

2016ರ ಜನವರಿಯಲ್ಲಿ ಅಲ್ಲಿ ಹದಿನೈದು ದಿನ ಸಮ-ಬೆಸ ಸಂಖ್ಯೆಯ ಕಾರು ನಿಯಮ ನಡೆಯಿತು. ದ್ವಿಚಕ್ರ ವಾಹನಗಳಿಗೂ ಮಹಿಳಾ ಚಾಲಕರಿಗೂ ವಿನಾಯಿತಿ ಇತ್ತು. ದೆಹಲಿಯ ಸೂಕ್ಷ್ಮ ಕಣಗಳಲ್ಲಿ ಎಲ್ಲ ವಾಹನಗಳ ಪಾಲು ಸುಮಾರು ಶೇ. 20 ಎಂದು ಐಐಟಿ ಕಾನ್ಪುರದ ಅಧ್ಯಯನ ಅದೇ ಕಾಲದಲ್ಲಿ ತೋರಿಸಿತ್ತು. ಅದರೊಳಗೂ ಲಾರಿ ಮತ್ತು ದ್ವಿಚಕ್ರ ವಾಹನಗಳ ಪಾಲೇ ಹೆಚ್ಚು. ಕೆಲವು ಕಾರುಗಳನ್ನಷ್ಟೇ ತಡೆದಾಗ ರಸ್ತೆ ತೆರವಾದೀತು. ಗಾಳಿ ಅಷ್ಟೇ ಪ್ರಮಾಣದಲ್ಲಿ ತಿಳಿಯಾಗದು.

ತಪಾಸಣೆಯ ಮಿತಿ

ನಿಯಮದಷ್ಟೇ ಮುಖ್ಯವಾದುದು ಅಳತೆ. ಪರೀಕ್ಷೆಯ ಸಮಯದಲ್ಲಿ ಮಾತ್ರ ಹೊಗೆ ತಗ್ಗಿಸುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಕಂಪನಿ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಲ್ಲಿ ಅಳವಡಿಸಿದ್ದುದು 2015ರಲ್ಲಿ ಬಯಲಾಯಿತು. ನಮ್ಮಲ್ಲಿನ ಪಿಯುಸಿ ತಪಾಸಣೆಯು ನಿಂತ ವಾಹನದ ಹೊಗೆಯನ್ನಷ್ಟೇ ನೋಡುತ್ತದೆ. ನೈಟ್ರೋಜನ್ ಆಕ್ಸೈಡುಗಳನ್ನಾಗಲಿ, ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳನ್ನಾಗಲಿ ಅದು ಅಳೆಯುವುದಿಲ್ಲ.

ನಾವು ತಿಳಿಯಬೇಕಾದುದು

ಇಂಧನವನ್ನೇ ಶುದ್ಧಗೊಳಿಸಿದ, ಎಲ್ಲ ಪ್ರದೇಶಗಳಿಗೂ ಸಮನಾಗಿ ಅನ್ವಯಿಸಿದ ನಿಯಮಗಳು ಗೆದ್ದಿವೆ. ಕೆಲವೇ ದಿನ, ಕೆಲವೇ ವಾಹನಗಳಿಗೆ ವಿಧಿಸಿದವು ಸೋತಿವೆ ಅಥವಾ ಅಲ್ಪ ಫಲ ನೀಡಿವೆ. ಶಾಲೆಯ ಮಟ್ಟದಲ್ಲಿಯೂ ಇದೇ ತತ್ತ್ವ ಅನ್ವಯಿಸುತ್ತದೆ. ಮಕ್ಕಳನ್ನು ಇಳಿಸುವ ವ್ಯಾನು, ಆಟೋ, ಬೈಕುಗಳು ಶಾಲೆಯ ಬಾಗಿಲಲ್ಲಿ ಎಂಜಿನ್ ನಿಲ್ಲಿಸಬೇಕೆಂಬ ನಿಯಮವನ್ನು ಎಲ್ಲರಿಗೂ, ಎಲ್ಲ ದಿನಗಳಿಗೂ ಅನ್ವಯಿಸಬೇಕು. ಇದಕ್ಕೆ ಹಣ ಬೇಕಿಲ್ಲ. ಪೋಷಕರ ಸಭೆಯ ಒಂದು ನಿರ್ಣಯ ಸಾಕು. ಮುಂದಿನ ಸಭೆಯಲ್ಲಿಯೇ ಇದನ್ನು ಮಂಡಿಸಬೇಕೆಂದು ಕೋರುತ್ತೇವೆ.